ವಿಜ್ಞಾನ ತರಗತಿಯಲ್ಲಿ ಸಿಕ್ಕಿಸುವ ಪ್ರಶ್ನೆ, ಗೆಸ್ ಉತ್ತರ: ಹಂತ ಹಂತವಾಗಿ ಸರಿಪಡಿಸುವುದು ಹೇಗೆ?

ಹಾಸನದ ಯಾವುದೇ ಹೈಸ್ಕೂಲಿನಲ್ಲಿ ‘ಆಲೂಗಡ್ಡೆ ಬೇರೋ, ಕಾಂಡವೋ?’ ಎಂದು ಕೇಳಿ ನೋಡಿ. ಮುಂದಿನ ಬೆಂಚಿನಿಂದ ‘ಬೇರು’ ಎಂಬ ದನಿ ಬರುತ್ತದೆ. ನಿಮ್ಮ ಹುಬ್ಬು ಕೊಂಚ ಮೇಲೇರಿದರೆ ಸಾಕು, ಇಡೀ ತರಗತಿ ‘ಕಾಂಡ ಸಾರ್’ ಎಂದು ಕೂಗುತ್ತದೆ. ನೀವು ‘ಶಭಾಷ್’ ಎಂದು ಮುಂದಕ್ಕೆ ಹೋಗುತ್ತೀರಿ. ಆದರೆ ಮಕ್ಕಳು ಓದಿದ್ದು ನಿಮ್ಮ ಮುಖವನ್ನು, ಆಲೂಗಡ್ಡೆಯನ್ನಲ್ಲ. ಮುಂದಿನ ವಾರ ಕಿರುಪರೀಕ್ಷೆಯಲ್ಲಿ ಶುಂಠಿ ಕೊಟ್ಟರೆ ಅದೇ ಮಕ್ಕಳು ‘ಬೇರು’ ಎಂದು ಬರೆಯುತ್ತಾರೆ.

ಸಿಕ್ಕಿಸುವ ಪ್ರಶ್ನೆ ಕೇಳಿದಾಗ ತರಗತಿ ಚುರುಕಾಗುವುದು ನಿಜ. ಆದರೂ ಪರೀಕ್ಷೆಯಲ್ಲಿ ಅದೇ ತಪ್ಪು ಮರುಕಳಿಸುತ್ತದೆ ಎಂದು ಅನೇಕ ಶಿಕ್ಷಕರು ಹೇಳುತ್ತಾರೆ. ತೊಂದರೆ ಇರುವುದು ಮಾಡುವ ಕ್ರಮದಲ್ಲಿ. ಪ್ರಶ್ನೆ, ಕೂಗು, ಸರಿ ಉತ್ತರ, ವಿವರಣೆ ಎಂಬ ಕ್ರಮದಲ್ಲಿ ಮಗು ತಾನು ಮೊದಲು ಏನು ನಂಬಿದ್ದೆ ಎಂಬುದನ್ನೇ ಮರೆತುಬಿಡುತ್ತದೆ. ಕೆಳಗಿನ ಕ್ರಮದಲ್ಲಿ ಮಗು ಮೊದಲು ಉತ್ತರ ಬರೆಯುತ್ತದೆ, ಕಾರಣ ಬರೆಯುತ್ತದೆ, ಆಮೇಲೆ ನೋಡುತ್ತದೆ, ಕೊನೆಗೆ ತಾನು ಬರೆದದ್ದನ್ನು ತಾನೇ ತಿದ್ದುತ್ತದೆ. 40 ನಿಮಿಷದ ಒಂದು ಪೀರಿಯಡ್‌ನಲ್ಲಿ ಮುಗಿಯುವ ಕೆಲಸ ಇದು.

ಬೇಕಾಗುವ ಸಾಮಾನು

ಎ4 ಹಾಳೆಯನ್ನು ನಾಲ್ಕು ಭಾಗ ಮಾಡಿದ ಚೀಟಿಗಳು, ಮಗುವಿಗೆ ಒಂದು. ಪೆನ್ಸಿಲ್ ಬೇಡ, ಪೆನ್ನೇ ಇರಲಿ. ಪೆನ್ಸಿಲ್ ಇದ್ದರೆ ಉತ್ತರ ಗೊತ್ತಾದ ಕೂಡಲೇ ಅಳಿಸುವ ಆಸೆ ಬರುತ್ತದೆ. ಸಮಯ ನೋಡಲು ಗಡಿಯಾರ. ಚೀಟಿಗಳನ್ನು ತರಗತಿವಾರು ಇಡಲು ಒಂದು ಲಕೋಟೆ. ಇನ್ನುಳಿದದ್ದು ಆಯಾ ಪ್ರಯೋಗಕ್ಕೆ ತಕ್ಕಂತೆ.

ಹಂತ 1: ಪ್ರಶ್ನೆಯನ್ನು ಸೋಸಿ

ಸಿಕ್ಕಿಸುವ ಪ್ರಶ್ನೆಗಳಲ್ಲಿ ಮೂರು ಜಾತಿ. ಮೊದಲನೆಯದು ಮಾತಿನ ಆಟ: ‘ಒಂದು ಕೆಜಿ ಹತ್ತಿ ಭಾರವೋ, ಒಂದು ಕೆಜಿ ಕಬ್ಬಿಣ ಭಾರವೋ?’ ಒಮ್ಮೆ ಕೇಳಿದ ಮಗು ಮತ್ತೆಂದೂ ಇದಕ್ಕೆ ತಪ್ಪು ಉತ್ತರ ಹೇಳುವುದಿಲ್ಲ, ಆದರೆ ಸಾಂದ್ರತೆ ಎಂದರೇನು ಎಂಬುದು ಅದಕ್ಕೆ ಗೊತ್ತಿರಬೇಕೆಂದೇನೂ ಇಲ್ಲ. ಇಂಥದ್ದನ್ನು ಪಾಠಕ್ಕೆ ತರಬೇಡಿ.

ಎರಡನೆಯದು ಷರತ್ತು ಮುಚ್ಚಿಟ್ಟ ಪ್ರಶ್ನೆ. ‘ನೀರು ಎಷ್ಟು ಡಿಗ್ರಿಗೆ ಕುದಿಯುತ್ತದೆ?’ ಎಂದು ಕೇಳಿ, ಮಗು ‘100’ ಎಂದಾಗ ‘ತಪ್ಪು, ಇಲ್ಲಿ 97’ ಎನ್ನುವುದು ಮೋಸ. ಪಠ್ಯದಲ್ಲಿರುವ 100 ಡಿಗ್ರಿ ಸೆಲ್ಸಿಯಸ್ ಸಮುದ್ರಮಟ್ಟದ ಸಾಮಾನ್ಯ ವಾತಾವರಣದ ಒತ್ತಡಕ್ಕೆ ಸರಿಯಾದ ಉತ್ತರ. ಮಗು ಹೇಳಿದ್ದರಲ್ಲಿ ತಪ್ಪಿಲ್ಲ, ನೀವು ಕೇಳಿದ್ದರಲ್ಲಿ ತಪ್ಪಿದೆ.

ಮೂರನೆಯದು ಪ್ರಾಮಾಣಿಕ ಪ್ರಶ್ನೆ. ಬೇಕಾದ ಮಾಹಿತಿಯೆಲ್ಲ ಅದರಲ್ಲೇ ಇರುತ್ತದೆ, ಉತ್ತರ ಮಾತ್ರ ನಮ್ಮ ಅಂದಾಜಿಗೆ ವಿರುದ್ಧ ಇರುತ್ತದೆ. ಅದೇ ಕುದಿಯುವ ಪ್ರಶ್ನೆಯನ್ನು ಹೀಗೆ ಕೇಳಿ: ‘ನಮ್ಮ ಶಾಲೆ ಸಮುದ್ರಮಟ್ಟದಿಂದ ಸುಮಾರು 1,000 ಮೀಟರ್ ಎತ್ತರದಲ್ಲಿದೆ. ಈ ಬೀಕರಿನ ನೀರು ಕೊತಕೊತ ಕುದಿಯುವಾಗ ಥರ್ಮಾಮೀಟರ್ ಎಷ್ಟು ತೋರಿಸುತ್ತದೆ?’ ಈಗ ಮುಚ್ಚಿಟ್ಟದ್ದು ಏನೂ ಇಲ್ಲ.

ಪ್ರಶ್ನೆ ಬರೆದ ಮೇಲೆ ಒಂದು ಪರೀಕ್ಷೆ ಮಾಡಿ. ಉತ್ತರ ಕೇಳಿದ ಮಗು ‘ಅಯ್ಯೋ, ಹಾಗೆ ಕೇಳಿದ್ದಾ!’ ಅನ್ನುತ್ತದೆಯೋ, ‘ಅದು ಹೇಗೆ ಸಾರ್?’ ಅನ್ನುತ್ತದೆಯೋ? ಎರಡನೆಯದಾದರೆ ಮಾತ್ರ ಪ್ರಶ್ನೆಯನ್ನು ಇಟ್ಟುಕೊಳ್ಳಿ.

ಹಂತ 2: ಹಿಂದಿನ ದಿನವೇ ನೀವು ಮಾಡಿ ನೋಡಿ

ಇದನ್ನು ಬಿಟ್ಟವರೇ ಹೆಚ್ಚು ಸೋಲುವುದು. ಪ್ರಯೋಗ ತರಗತಿಯಲ್ಲಿ ಕೈಕೊಟ್ಟರೆ ಮಕ್ಕಳ ತಪ್ಪು ನಂಬಿಕೆ ಗಟ್ಟಿಯಾಗುತ್ತದೆ, ಮತ್ತೆ ಅದನ್ನು ಅಲುಗಾಡಿಸುವುದು ಕಷ್ಟ.

ಕುದಿಯುವ ನೀರಿನ ಪ್ರಯೋಗವನ್ನೇ ತೆಗೆದುಕೊಳ್ಳಿ. 250 ಮಿ.ಲೀ. ಬೀಕರ್, ಅದರಲ್ಲಿ 100ರಿಂದ 150 ಮಿ.ಲೀ. ನೀರು, ಟ್ರೈಪಾಡ್, ತಂತಿಬಲೆ, ಸ್ಪಿರಿಟ್ ಲ್ಯಾಂಪ್, 110 ಡಿಗ್ರಿವರೆಗೆ ಅಳೆಯುವ ಪ್ರಯೋಗಾಲಯದ ಥರ್ಮಾಮೀಟರ್ ಬೇಕು. ಜ್ವರ ನೋಡುವ ಥರ್ಮಾಮೀಟರ್ ಹಾಕಿದರೆ ಒಡೆದುಹೋಗುತ್ತದೆ. ತಣ್ಣೀರಿನಿಂದ ಶುರು ಮಾಡಿದರೆ ಸ್ಪಿರಿಟ್ ಲ್ಯಾಂಪ್ ಉರಿಯಲ್ಲಿ ಅರ್ಧ ಪೀರಿಯಡ್ ಹೋಗಬಹುದು. ಬಿಸಿಯೂಟದ ಅಡುಗೆಮನೆಯಿಂದ ಬಿಸಿನೀರು ತಂದಿಟ್ಟುಕೊಳ್ಳಿ.

ಮೊದಲ ಕೆಲಸ ಥರ್ಮಾಮೀಟರನ್ನೇ ಪರೀಕ್ಷಿಸುವುದು. ಲೋಟಕ್ಕೆ ಪುಡಿ ಮಾಡಿದ ಮಂಜುಗಡ್ಡೆ ತುಂಬಿ, ಚೂರು ನೀರು ಹಾಕಿ, ಥರ್ಮಾಮೀಟರಿನ ಬುಡ ಪೂರ್ತಿ ಮುಳುಗುವಂತೆ ಮೂರು ನಿಮಿಷ ಇಡಿ. ಸೊನ್ನೆ ತೋರಿಸಬೇಕು. 1 ತೋರಿಸಿದರೆ ಅದರ ದೋಷ 1 ಡಿಗ್ರಿ ಎಂದು ಬರೆದಿಟ್ಟು, ಆಮೇಲಿನ ಅಳತೆಯಲ್ಲಿ ಅಷ್ಟನ್ನು ಕಳೆಯಿರಿ. ಈ ತಪಾಸಣೆ ಮಾಡದೆ ತರಗತಿಗೆ ಹೋದರೆ ಚುರುಕಾದ ಮಗುವೊಂದು ‘ಥರ್ಮಾಮೀಟರ್ ಸರಿಯಿಲ್ಲ ಸಾರ್’ ಎನ್ನುತ್ತದೆ. ಆ ಮಾತಿಗೆ ನಿಮ್ಮಲ್ಲಿ ಉತ್ತರ ಇರುವುದಿಲ್ಲ, ಮತ್ತು ಆ ಮಗು ಕೇಳಿದ್ದು ನ್ಯಾಯವಾದ ಪ್ರಶ್ನೆ.

ಥರ್ಮಾಮೀಟರಿನ ಬುಡ ಬೀಕರಿನ ತಳಕ್ಕೆ ತಾಗಬಾರದು, ಒಂದು ಸೆಂ.ಮೀ. ಮೇಲಿರಲಿ. ತಳಕ್ಕೆ ತಾಗಿದರೆ ನೀರಿನ ಉಷ್ಣತೆಗಿಂತ ಹೆಚ್ಚು ತೋರಿಸುತ್ತದೆ. ಮೊದಲು ಗೋಡೆಗೆ ಅಂಟಿಕೊಂಡು ಏಳುವ ಸಣ್ಣ ಗುಳ್ಳೆ ನೀರಿನಲ್ಲಿ ಕರಗಿದ್ದ ಗಾಳಿ, ಅದು ಕುದಿತ ಅಲ್ಲ. ತಳದಿಂದ ದೊಡ್ಡ ಗುಳ್ಳೆ ಎದ್ದು ಮೇಲ್ಮೈಯಲ್ಲಿ ಒಡೆಯುತ್ತಾ, ಎರಡು ನಿಮಿಷ ಅಳತೆ ಅಲುಗದೆ ನಿಂತಾಗ ಓದಿ.

ಎಷ್ಟು ಬರಬೇಕು? 300 ಮೀಟರ್ ಏರಿದರೆ ಸರಿಸುಮಾರು ಒಂದು ಡಿಗ್ರಿ ಇಳಿಯುತ್ತದೆ ಎಂಬ ಲೆಕ್ಕ ಶಾಲೆಗೆ ಸಾಕು. ಹಾಸನ ಪಟ್ಟಣದಲ್ಲಿ 97ರ ಹತ್ತಿರ, ಅದಕ್ಕಿಂತ ಎತ್ತರದ ಚಿಕ್ಕಮಗಳೂರಿನಲ್ಲಿ 96.5ರ ಆಸುಪಾಸು. ಸುಮಾರು 1,930 ಮೀಟರ್ ಎತ್ತರದ ಮುಳ್ಳಯ್ಯನಗಿರಿ ತುದಿಯಲ್ಲಿ 93ರಿಂದ 94ರ ನಡುವೆ.

ಹಂತ 3: ಕೇಳಿ, ಸುಮ್ಮನಿರಿ, ಬರೆಸಿ

ಪ್ರಶ್ನೆಯನ್ನು ಬೋರ್ಡಿನ ಮೇಲೆ ಬರೆಯಿರಿ. ಒಮ್ಮೆ ಓದಿ. ಆಮೇಲೆ ಮೂರು ನಿಮಿಷ ಬಾಯಿ ಬಿಡಬೇಡಿ. ಅಮೆರಿಕದ ಸಂಶೋಧಕಿ ಮೇರಿ ಬಡ್ ರೋ 1970ರ ದಶಕದಲ್ಲಿ ತರಗತಿಗಳನ್ನು ಧ್ವನಿಮುದ್ರಿಸಿ ನೋಡಿದಾಗ, ಶಿಕ್ಷಕರು ಪ್ರಶ್ನೆ ಕೇಳಿ ಸರಾಸರಿ ಒಂದು ಸೆಕೆಂಡಷ್ಟೇ ಕಾಯುತ್ತಿದ್ದರು. ಕಾಯುವುದನ್ನು ಮೂರು ಸೆಕೆಂಡಿಗೆ ಏರಿಸಿದರೂ ಮಕ್ಕಳ ಉತ್ತರ ಉದ್ದವಾಯಿತು, ಅದರಲ್ಲಿ ಕಾರಣಗಳು ಬಂದವು. ಒಂದು ಸೆಕೆಂಡಿನಲ್ಲಿ ಬರುವುದು ಕತ್ತಲಲ್ಲಿ ಹೊಡೆದ ಕಲ್ಲು ಮಾತ್ರ.

ಚೀಟಿಯಲ್ಲಿ ಮೂರು ಸಂಗತಿ ಇರಬೇಕು: ಆಯ್ಕೆ, ಕಾರಣ, ಭರವಸೆಯ ಗುರುತು. ಖಾತ್ರಿ ಇದ್ದರೆ ನಕ್ಷತ್ರ, ಇಲ್ಲದಿದ್ದರೆ ಪ್ರಶ್ನಾರ್ಥಕ. ಪ್ರಶ್ನಾರ್ಥಕ ಹಾಕಿದವರಿಗೆ ಬೈಗುಳ ಇಲ್ಲ ಎಂದು ಮೊದಲೇ ಹೇಳಿ, ಹೇಳಿದಂತೆ ನಡೆದುಕೊಳ್ಳಿ.

ನೀರಿನ ಪ್ರಶ್ನೆಗೆ ಆಯ್ಕೆಗಳು: ಎ) 100 ಡಿಗ್ರಿ, ಬಿ) 100ಕ್ಕಿಂತ ಕಡಿಮೆ, ಸಿ) 100ಕ್ಕಿಂತ ಹೆಚ್ಚು, ಡಿ) ಉರಿ ಇರುವಷ್ಟು ಹೊತ್ತೂ ಏರುತ್ತಲೇ ಇರುತ್ತದೆ. ಕಾರಣಗಳು: 1) ನೀರು ಎಲ್ಲಿದ್ದರೂ ಒಂದೇ ಉಷ್ಣತೆಯಲ್ಲಿ ಕುದಿಯುತ್ತದೆ, 2) ಎತ್ತರಕ್ಕೆ ಹೋದಂತೆ ಗಾಳಿಯ ಒತ್ತಡ ಕಡಿಮೆಯಾಗುತ್ತದೆ, 3) ನಮ್ಮೂರು ತಂಪು, 4) ಹೆಚ್ಚು ಉರಿ ಕೊಟ್ಟರೆ ಹೆಚ್ಚು ಬಿಸಿ.

ಈಗ ‘ಬಿ-3’ ಎಂದು ಬರೆದ ಚೀಟಿಗಳನ್ನು ಹುಡುಕಿ. ಮಲೆನಾಡಿನ ಮಕ್ಕಳಿಗೆ ಈ ಉತ್ತರ ಬಲು ಸಹಜವಾಗಿ ಹೊಳೆಯುತ್ತದೆ: ‘ಚಿಕ್ಕಮಗಳೂರು ಚಳಿ, ಅದಕ್ಕೆ ನೀರು ಕಡಿಮೆಗೇ ಕುದಿಯುತ್ತೆ.’ ಆಯ್ಕೆ ಸರಿ, ತಿಳಿವಳಿಕೆ ತಪ್ಪು. ಬರೀ ಎ-ಬಿ-ಸಿ-ಡಿ ಕೇಳಿದ್ದರೆ ಈ ಮಗುವಿಗೆ ಪೂರ್ತಿ ಅಂಕ ಕೊಟ್ಟು ಕಳಿಸುತ್ತಿದ್ದಿರಿ.

ಕಾರಣ ಕೇಳುವುದರಿಂದ ಗೆಸ್ ಕೂಡ ಸೋಸಿಹೋಗುತ್ತದೆ. ನಾಲ್ಕು ಆಯ್ಕೆಯಲ್ಲಿ ಕಣ್ಣುಮುಚ್ಚಿ ಟಿಕ್ ಹಾಕಿದರೆ ಸರಿಯಾಗುವ ಸಾಧ್ಯತೆ ನಾಲ್ಕರಲ್ಲಿ ಒಂದು. 40 ಮಕ್ಕಳ ತರಗತಿಯಲ್ಲಿ ಯಾರಿಗೂ ಏನೂ ಗೊತ್ತಿಲ್ಲದಿದ್ದರೂ ಹತ್ತು ಸರಿ ಉತ್ತರ ಬರುತ್ತವೆ. ನಾಲ್ಕು ಕಾರಣ ಜೊತೆಗಿಟ್ಟರೆ ಅದು ಹದಿನಾರರಲ್ಲಿ ಒಂದು, ಅಂದರೆ ತರಗತಿಗೆ ಎರಡೋ ಮೂರೋ.

ಹಂತ 4: ಎಣಿಸಿ, ತೀರ್ಪು ಕೊಡಬೇಡಿ

ಕೈ ಎತ್ತಿಸಬೇಡಿ. ಕೈ ಎತ್ತಿಸಿದರೆ ಎಲ್ಲರೂ ಮೊದಲ ಬೆಂಚಿನ ಜಾಣೆಯ ಕೈಯನ್ನೇ ನೋಡುತ್ತಾರೆ. ಬರೆದಾದ ಮೇಲೆ ‘ಒಂದು, ಎರಡು, ಮೂರು’ ಎಂದ ಕೂಡಲೇ ಎಲ್ಲರೂ ಒಟ್ಟಿಗೆ ಎದೆಯ ಹತ್ತಿರ ಬೆರಳು ತೋರಿಸಲಿ: ಎ ಆದರೆ ಒಂದು, ಬಿ ಆದರೆ ಎರಡು, ಹೀಗೆ. ಸಂಖ್ಯೆಗಳನ್ನು ಬೋರ್ಡಿನ ಮೇಲೆ ಬರೆಯಿರಿ. ಸರಿ ಆಯ್ಕೆಯ ಮುಂದೆ ಚಾಕ್‌ಪೀಸ್ ಒತ್ತಿ ಬರೆಯುವುದು, ‘ಓಹೋ’ ಎನ್ನುವುದು, ಮುಗುಳ್ನಗುವುದು ಯಾವುದೂ ಬೇಡ. ಮಕ್ಕಳು ಇದನ್ನೆಲ್ಲ ನಮಗಿಂತ ಚೆನ್ನಾಗಿ ಓದಬಲ್ಲರು.

ಸಂಖ್ಯೆಗಳನ್ನು ಓದುವುದು ಹೀಗೆ. 40ರಲ್ಲಿ 24 ಸರಿ, 16 ತಪ್ಪು ಅಂತಿಟ್ಟುಕೊಳ್ಳಿ. ಆ 16 ಉತ್ತರಗಳು ಉಳಿದ ಮೂರು ಆಯ್ಕೆಗಳಲ್ಲಿ 5, 6, 5 ಎಂದು ಚದುರಿದ್ದರೆ ಅದು ಗೆಸ್. ಆಗ ಸರಿ ಉತ್ತರಗಳಲ್ಲೂ ಐದಾರು ಅದೃಷ್ಟದವೇ. ತಪ್ಪುಗಳನ್ನು ಮೂರರಿಂದ ಭಾಗಿಸಿ ಸರಿಯಿಂದ ಕಳೆದರೆ ನಿಜವಾಗಿ ಗೊತ್ತಿರುವವರು ಸುಮಾರು 19 ಜನ. ಅದೇ 16, 13-2-1 ಎಂದು ಒಂದೇ ಆಯ್ಕೆಗೆ ಬಿದ್ದಿದ್ದರೆ ಅದು ಗೆಸ್ ಅಲ್ಲ, ತಪ್ಪು ನಂಬಿಕೆ. ಗೆಸ್‌ಗೆ ಮದ್ದು ಪಾಠವನ್ನು ಮತ್ತೊಮ್ಮೆ ಮಾಡುವುದು. ತಪ್ಪು ನಂಬಿಕೆಗೆ ಅದೇ ಪಾಠ ಎಷ್ಟು ಸಲ ಮಾಡಿದರೂ ಸಾಲದು, ಆ ನಂಬಿಕೆಯನ್ನೇ ಎದುರಿಗಿಟ್ಟು ಪರೀಕ್ಷಿಸಬೇಕು. ಈ ಎರಡನ್ನೂ ಒಂದೇ ಎಂದುಕೊಳ್ಳುವುದರಿಂದಲೇ ‘ಎಷ್ಟು ಹೇಳಿದರೂ ತಲೆಗೆ ಹೋಗಲ್ಲ’ ಎಂಬ ಬೇಸರ ಬರುವುದು. ಈ ಲೆಕ್ಕ ತರಗತಿಯ ಸ್ಥಿತಿ ಅಳೆಯಲಿಕ್ಕೆ ಮಾತ್ರ. ಯಾವ ಮಗುವಿನ ಅಂಕವನ್ನೂ ಇದರಿಂದ ಕಳೆಯಬಾರದು.

ಹಂತ 5: ಅಕ್ಕಪಕ್ಕದವರು ಮಾತಾಡಲಿ

ಸರಿ ಉತ್ತರ ಕೊಟ್ಟವರು ಮೂರನೇ ಒಂದು ಭಾಗಕ್ಕಿಂತ ಕಡಿಮೆ ಇದ್ದರೆ ಚರ್ಚೆಯಿಂದ ಪ್ರಯೋಜನವಿಲ್ಲ, ನೇರ ಪ್ರಯೋಗಕ್ಕೆ ಹೋಗಿ. ಮೂರನೇ ಎರಡು ಭಾಗ ದಾಟಿದ್ದರೂ ಚರ್ಚೆ ಬೇಕಿಲ್ಲ. ನಡುವೆ ಇದ್ದರೆ ಐದು ನಿಮಿಷ ಕೊಡಿ: ‘ನಿನ್ನ ಉತ್ತರ ಬೇರೆ ಇರುವವರನ್ನು ಹುಡುಕು, ಕಾರಣ ಹೇಳಿ ಒಪ್ಪಿಸು.’ ಬಳಿಕ ಮತ್ತೊಮ್ಮೆ ಬೆರಳು. ಉತ್ತರ ಬದಲಿಸಿದವರು ಚೀಟಿಯಲ್ಲಿ ಹಳೆಯದನ್ನು ಹೊಡೆದುಹಾಕದೆ ಕೆಳಗೆ ಹೊಸದನ್ನು ಬರೆಯಲಿ.

ಹಂತ 6: ಮಾಡಿ ತೋರಿಸಿ

ಅಳತೆಯನ್ನು ನೀವು ಓದಬೇಡಿ. ಮೂವರು ಮಕ್ಕಳನ್ನು ಕರೆದು ಒಬ್ಬೊಬ್ಬರೇ ಓದಿ, ಗುಟ್ಟಾಗಿ ಬರೆದು, ಆಮೇಲೆ ಹೇಳಲಿ. ಕಣ್ಣು ದ್ರವದ ಮಟ್ಟಕ್ಕೆ ನೇರವಾಗಿರಲಿ. 97 ಎಂದು ನೋಡಿಯೂ ‘100’ ಎಂದು ಹೇಳುವ ಮಗು ಇದ್ದೇ ಇರುತ್ತದೆ, ಪುಸ್ತಕದ ಭಯ ಅಷ್ಟಿದೆ. ಆ ಮಗುವಿಗೆ ಗದರದೆ, ‘ಇನ್ನೊಂದ್ಸಲ ನೋಡು ಮರಿ, ಕಂಡಿದ್ದನ್ನೇ ಹೇಳು’ ಎನ್ನಿ.

‘ಉರಿ ಜೋರು ಮಾಡಿದರೆ?’ ಎಂಬ ಪ್ರಶ್ನೆ ಬರುತ್ತದೆ. ಇನ್ನೊಂದು ಲ್ಯಾಂಪ್ ಸೇರಿಸಿ ತೋರಿಸಿ. ಗುಳ್ಳೆ ಹೆಚ್ಚುತ್ತದೆ, ಹಬೆ ಹೆಚ್ಚುತ್ತದೆ, ಅಳತೆ ಕದಲುವುದಿಲ್ಲ. ‘ಡಿ’ ಬರೆದವರಿಗೆ ಉತ್ತರ ಅಲ್ಲೇ ಸಿಗುತ್ತದೆ. ‘ನಮ್ಮೂರು ತಂಪು’ ಎಂದವರಿಗೆ ಎದುರು ಪ್ರಶ್ನೆ ಹಾಕಿ: ಜನವರಿಯ ಬೆಳಗ್ಗೆ, ಏಪ್ರಿಲ್ ಮಧ್ಯಾಹ್ನ, ಇದೇ ಕೋಣೆಯಲ್ಲಿ ಅಳೆದರೆ ವ್ಯತ್ಯಾಸ ಬರಬೇಕಲ್ಲವೇ? ಎರಡು ಋತುವಿನಲ್ಲಿ ಅಳೆದು ಗೋಡೆಗೆ ಅಂಟಿಸಿಡಿ. ಹೆಚ್ಚುಕಡಿಮೆ ಅದೇ ಅಂಕಿ ಬರುತ್ತದೆ.

ಕಾದ ತಂತಿಬಲೆ ನೋಡಲು ತಣ್ಣಗಿದ್ದಂತೆ ಕಾಣುತ್ತದೆ, ಮುಟ್ಟಬಾರದೆಂದು ಮೊದಲೇ ಹೇಳಿ. ಉರಿಯುತ್ತಿರುವ ಲ್ಯಾಂಪಿಗೆ ಸ್ಪಿರಿಟ್ ಸುರಿಯಬಾರದು. ಎರಡನೇ ಲ್ಯಾಂಪನ್ನು ಮುಂಚೆಯೇ ತುಂಬಿಟ್ಟಿರಿ. ಪಾದರಸದ ಥರ್ಮಾಮೀಟರ್ ಒಡೆದರೆ ಮಕ್ಕಳನ್ನು ಹೊರಗೆ ಕಳಿಸಿ, ಕಿಟಕಿ ತೆರೆದು, ಗಟ್ಟಿ ಕಾಗದದಿಂದ ಹನಿಗಳನ್ನು ಒಟ್ಟುಮಾಡಿ ಮುಚ್ಚಳವಿರುವ ಬಾಟಲಿಗೆ ಹಾಕಿ; ಪೊರಕೆ ಹಾಕಬೇಡಿ, ಬರಿಗೈಯಲ್ಲಿ ಮುಟ್ಟಬೇಡಿ.

ಹಂತ 7: ತಿದ್ದುವುದು ಮಗುವಿನ ಕೆಲಸ

ವಿವರಣೆ ಹತ್ತು ನಿಮಿಷ ಮೀರಬಾರದು. ಆಮೇಲೆ ಚೀಟಿಯ ಹಿಂಬದಿಯಲ್ಲಿ ಎರಡು ಸಾಲು: ‘ಮೊದಲು ನಾನು ... ಅಂದುಕೊಂಡಿದ್ದೆ. ಈಗ ... ಅನ್ನುತ್ತೇನೆ, ಏಕೆಂದರೆ ...’ ನಿಮ್ಮ ವಾಕ್ಯವನ್ನು ಬೋರ್ಡಿನಿಂದ ಇಳಿಸಿಕೊಳ್ಳಲು ಬಿಡಬೇಡಿ, ಬೋರ್ಡ್ ಅಳಿಸಿಬಿಡಿ. ಜೊತೆಗೆ ಒಂದು ಮಾತು ಹೇಳುವುದನ್ನು ಮರೆಯಬೇಡಿ: ಪರೀಕ್ಷೆಯಲ್ಲಿ ನೀರಿನ ಕುದಿಯುವ ಬಿಂದು ಕೇಳಿದರೆ ‘ಸಾಮಾನ್ಯ ವಾತಾವರಣದ ಒತ್ತಡದಲ್ಲಿ 100 ಡಿಗ್ರಿ’ ಎಂದೇ ಬರೆಯಬೇಕು. ಇಲ್ಲದಿದ್ದರೆ ಗೊಂದಲ ನೀವೇ ಹುಟ್ಟುಹಾಕಿದಂತೆ.

ಹಂತ 8: ಮೂರು ದಿನ ಬಿಟ್ಟು ಅದರ ತಂಗಿ ಪ್ರಶ್ನೆ

ಅದೇ ಪ್ರಶ್ನೆ ಕೇಳಿದರೆ ನೆನಪು ಅಳೆದಂತಾಗುತ್ತದೆ. ವೇಷ ಬದಲಿಸಿ. ‘ಬೆಟ್ಟದ ಮೇಲಿನ ತೋಟದ ಮನೆಯಲ್ಲಿ ತೆರೆದ ಪಾತ್ರೆಯಲ್ಲಿ ಕಾಳು ಬೇಯಲು ಮಂಗಳೂರಿಗಿಂತ ಹೆಚ್ಚು ಹೊತ್ತು ಬೇಕು, ಕುಕ್ಕರಿನಲ್ಲಿ ಬೇಗ ಬೇಯುತ್ತದೆ. ಎರಡಕ್ಕೂ ಒಂದೇ ಕಾರಣ ಹೇಳು.’ ಒತ್ತಡದ ಮಾತು ತಾನಾಗಿ ಬಂದರೆ ಪಾಠ ನಿಂತಿದೆ.

ಇದೇ ಕ್ರಮಕ್ಕೆ ಒಗ್ಗುವ ಇನ್ನಷ್ಟು ಪ್ರಶ್ನೆಗಳು, ಅವು ಕೆಡುವ ಜಾಗ

ಆಲೂಗಡ್ಡೆ. ಆಲೂಗಡ್ಡೆ, ಗೆಣಸು, ಶುಂಠಿ, ಮೂಲಂಗಿ ನಾಲ್ಕನ್ನೂ ಮೇಜಿನ ಮೇಲಿಡಿ. ಬೇರು ಯಾವುದು, ಕಾಂಡ ಯಾವುದು, ಗುರುತು ಏನು? ಹಾಸನದ ಸುತ್ತಿನ ರೈತರ ಮಕ್ಕಳಿಗೆ ಬಿತ್ತನೆ ಗೆಡ್ಡೆಯನ್ನು ಪ್ರತಿ ಹೋಳಿನಲ್ಲೂ ಕಣ್ಣು ಉಳಿಯುವಂತೆ ಕತ್ತರಿಸುವುದು ಗೊತ್ತು. ಆ ಕಣ್ಣು ಎಂದರೆ ಕಾಂಡದ ಗೆಣ್ಣಿನ ಮೊಗ್ಗು. ಎಡವುವುದು ಎಲ್ಲಿ ಎಂದರೆ, ‘ಮೊಳಕೆ ಬರುತ್ತೆ, ಅದಕ್ಕೆ ಕಾಂಡ’ ಎಂಬ ಕಾರಣವನ್ನು ಒಪ್ಪಿಕೊಳ್ಳುವಲ್ಲಿ. ಗೆಣಸಿಗೂ ಮೊಳಕೆ ಬರುತ್ತದೆ, ಅದು ಬೇರು. ಕ್ರಮವಾಗಿ ಜೋಡಣೆಯಾದ ಕಣ್ಣು, ಗೆಣ್ಣು, ಶುಂಠಿಯ ಮೇಲಿನ ಉಂಗುರದಂಥ ಗೆರೆ, ಇವನ್ನು ತೋರಿಸಿ ಹೇಳಿದರೆ ಮಾತ್ರ ಸರಿ. ಬೆಳಕಿಗಿಟ್ಟ ಆಲೂಗಡ್ಡೆ ಕೆಲವು ದಿನಗಳಲ್ಲಿ ಹಸಿರಾಗುವುದನ್ನೂ ತೋರಿಸಬಹುದು, ಅದನ್ನು ತಿನ್ನಬಾರದು.

ನಡುಹಗಲ ನೆರಳು. ‘ಮಧ್ಯಾಹ್ನ ಸರಿಯಾಗಿ 12ಕ್ಕೆ ನೆರಳು ಅತಿ ಚಿಕ್ಕದು’ ಎಂಬುದು ಎಲ್ಲರ ಗೆಸ್. ನಮ್ಮ ಗಡಿಯಾರ 82.5 ಡಿಗ್ರಿ ಪೂರ್ವ ರೇಖಾಂಶದ್ದು; ಹಾಸನ 76 ಡಿಗ್ರಿಯ ಹತ್ತಿರ. ಡಿಗ್ರಿಗೆ ನಾಲ್ಕು ನಿಮಿಷದಂತೆ ಸುಮಾರು 26 ನಿಮಿಷ ತಡ. ಭೂಮಿಯ ಕಕ್ಷೆ ಮತ್ತು ಓರೆಯ ಕಾರಣಕ್ಕೆ ನೆರಳು ಅತಿ ಚಿಕ್ಕದಾಗುವ ಹೊತ್ತು ವರ್ಷದಲ್ಲಿ 12.10ರಿಂದ 12.40ರವರೆಗೆ ಹಿಂದೆ ಮುಂದೆ ಆಗುತ್ತದೆ. ಒಂದು ಮೀಟರ್ ಕೋಲನ್ನು ತೂಗುಗುಂಡು ನೋಡಿ ನೆಟ್ಟಗೆ ನಿಲ್ಲಿಸಿ, ಐದೈದು ನಿಮಿಷಕ್ಕೆ ನೆರಳಿನ ತುದಿಗೆ ಗುರುತು ಹಾಕಿ. ಡಿಸೆಂಬರ್ 21ರ ಸುಮಾರಿಗೆ ಅತಿ ಚಿಕ್ಕ ನೆರಳು ಉತ್ತರಕ್ಕೆ 74 ಸೆಂ.ಮೀ. ಇರುತ್ತದೆ. ಜೂನ್ 21ರ ಸುಮಾರಿಗೆ ದಕ್ಷಿಣಕ್ಕೆ ಬೀಳುತ್ತದೆ, 18 ಸೆಂ.ಮೀ. ಮಾತ್ರ. ಏಪ್ರಿಲ್ 24-25 ಮತ್ತು ಆಗಸ್ಟ್ 17-18ರ ಆಸುಪಾಸಿನಲ್ಲಿ ನೆರಳೇ ಇರುವುದಿಲ್ಲ. ಆಗಸ್ಟಿನಲ್ಲಿ ಸಕಲೇಶಪುರ, ಮೂಡಿಗೆರೆ ಕಡೆ ಮೋಡ ಬಿಡುವುದು ಅಪರೂಪ. ಅರಸೀಕೆರೆ, ಕಡೂರಿನ ಶಾಲೆಗಳಿಗೆ ಅವಕಾಶ ಹೆಚ್ಚು.

ಅರ್ಧ ಮುಚ್ಚಿದ ಮಸೂರ. 10 ಸೆಂ.ಮೀ. ಸಂಗಮದೂರದ ಪೀನ ಮಸೂರ, 20 ಸೆಂ.ಮೀ. ಹಿಂದೆ ಮೇಣದಬತ್ತಿ, 20 ಸೆಂ.ಮೀ. ಮುಂದೆ ಬಿಳಿ ಕಾಗದ. ಮಸೂರದ ಮೇಲರ್ಧಕ್ಕೆ ಕಪ್ಪು ಕಾಗದ ಇಟ್ಟರೆ? ‘ಅರ್ಧ ಪ್ರತಿಬಿಂಬ’ ಎಂಬುದು ಗೆಸ್. ಪೂರ್ತಿ ಪ್ರತಿಬಿಂಬವೇ ಬರುತ್ತದೆ, ಮಬ್ಬಾಗಿ. ಕಪ್ಪು ಕಾಗದವನ್ನು ಮಸೂರಕ್ಕೆ ಅಂಟಿದಂತೆ ಇಡಿ. ದೂರ ಸರಿದರೆ ಜ್ವಾಲೆಯ ಭಾಗವೇ ಕತ್ತರಿಸಿಹೋಗಿ ಪ್ರಯೋಗ ಕೆಡುತ್ತದೆ. ಕೋಣೆ ಕತ್ತಲಿರಲಿ.

ಸರಣಿ ಜೋಡಣೆಯ ಎರಡು ಬಲ್ಬು. ‘ಮೊದಲ ಬಲ್ಬು ವಿದ್ಯುತ್ತನ್ನು ತಿಂದುಬಿಡುತ್ತದೆ, ಎರಡನೆಯದು ಮಂಕು’ ಎನ್ನುತ್ತಾರೆ. ಒಂದೇ ತರಹದ ಬಲ್ಬುಗಳಾದರೆ ಎರಡೂ ಸಮ. ಬೇರೆ ಬೇರೆ ಅಂಗಡಿಯ ಬಲ್ಬು ಹಾಕಿದರೆ ಒಂದು ಮಂಕಾಗಿಯೇ ಉರಿಯುತ್ತದೆ, ತಪ್ಪು ನಂಬಿಕೆಗೆ ಸಾಕ್ಷಿ ಸಿಕ್ಕಿಬಿಡುತ್ತದೆ. ಹಿಂದಿನ ದಿನವೇ ಒಂದೇ ಪೆಟ್ಟಿಗೆಯ ಬಲ್ಬುಗಳಲ್ಲಿ ಸಮ ಉರಿಯುವ ಜೋಡಿ ಆರಿಸಿ, ತರಗತಿಯಲ್ಲಿ ಜಾಗ ಅದಲುಬದಲು ಮಾಡಿ ತೋರಿಸಿ.

ಉಪಗ್ರಹ. ಹಾಸನದಲ್ಲಿರುವ ಇಸ್ರೋದ ಮುಖ್ಯ ನಿಯಂತ್ರಣ ಕೇಂದ್ರ ನೋಡಿಕೊಳ್ಳುವ ಭೂಸ್ಥಿರ ಉಪಗ್ರಹಗಳು ಸುಮಾರು 36,000 ಕಿ.ಮೀ. ಎತ್ತರದಲ್ಲಿವೆ. ‘ಅಲ್ಲಿ ಗುರುತ್ವ ಇಲ್ಲ, ಅದಕ್ಕೆ ಬೀಳಲ್ಲ’ ಎಂದರೆ ಲೆಕ್ಕ ಮಾಡಿಸಿ: ಭೂಕೇಂದ್ರದಿಂದ ದೂರ ಭೂಮಿಯ ತ್ರಿಜ್ಯದ ಸುಮಾರು 6.6 ಪಟ್ಟು, ಗುರುತ್ವ ನೆಲದ ಮೇಲಿನದರ ಸುಮಾರು 44ರಲ್ಲಿ ಒಂದು ಭಾಗ. ಕಡಿಮೆ, ಆದರೆ ಸೊನ್ನೆಯಲ್ಲ. ಆ ಎಳೆತ ಇಲ್ಲದಿದ್ದರೆ ಉಪಗ್ರಹ ಸುತ್ತುವುದೇ ಇಲ್ಲ, ನೇರ ಹೊರಟುಹೋಗುತ್ತದೆ.

ಕಿರುಪರೀಕ್ಷೆಗೆ ಬಹು ಆಯ್ಕೆ ಪ್ರಶ್ನೆ ಬರೆಯುವಾಗ

ಸರಿ ಉತ್ತರವೇ ಎಲ್ಲಕ್ಕಿಂತ ಉದ್ದ ಇರುವುದು ನಮ್ಮೆಲ್ಲರ ಸಾಮಾನ್ಯ ತಪ್ಪು. ‘ಯಾವಾಗಲೂ’, ‘ಎಂದಿಗೂ’ ಇರುವ ಆಯ್ಕೆ ತಪ್ಪೆಂದು ಮಕ್ಕಳಿಗೆ ಗೊತ್ತು. ‘ಮೇಲಿನ ಎಲ್ಲವೂ’ ಬಂದರೆ ಕಣ್ಣುಮುಚ್ಚಿ ಅದಕ್ಕೇ ಟಿಕ್. ಪ್ರಶ್ನೆಯಲ್ಲಿ ‘ಯಾವುವು’ ಎಂದು ಬರೆದು, ಒಂದೇ ಆಯ್ಕೆಯಲ್ಲಿ ಬಹುವಚನ ಇಟ್ಟರೆ ವ್ಯಾಕರಣವೇ ಉತ್ತರ ಹೇಳುತ್ತದೆ. ‘ಅಲ್ಲದ್ದು’ ಎಂದು ಕೇಳಬೇಕಾದರೆ ಅಡಿಗೆರೆ ಎಳೆಯಿರಿ. ತಪ್ಪು ಆಯ್ಕೆಗಳನ್ನು ತಲೆಯಿಂದ ಹುಟ್ಟಿಸಬೇಡಿ. ಹಳೆಯ ಚೀಟಿಗಳ ಲಕೋಟೆ ತೆರೆದರೆ ಮಕ್ಕಳೇ ಬರೆದ ತಪ್ಪು ಕಾರಣಗಳು ಸಿಗುತ್ತವೆ. ಅವಕ್ಕಿಂತ ಒಳ್ಳೆಯ ಆಯ್ಕೆ ಯಾವ ಗೈಡಿನಲ್ಲೂ ಇಲ್ಲ.

ಎಸ್ಸೆಸ್ಸೆಲ್ಸಿಯಲ್ಲಿ ತಪ್ಪು ಉತ್ತರಕ್ಕೆ ಅಂಕ ಕಳೆಯುವುದಿಲ್ಲ. ಹಾಗಾಗಿ ಅಲ್ಲಿ ಖಾಲಿ ಬಿಡಬಾರದು, ಖಂಡಿತ ಅಲ್ಲದ್ದನ್ನು ಹೊಡೆದುಹಾಕಿ ಉಳಿದದ್ದರಲ್ಲಿ ಆರಿಸಬೇಕು ಎಂದು ಮಕ್ಕಳಿಗೆ ಹೇಳಿಕೊಡಿ. ತರಗತಿಯ ಚೀಟಿಯಲ್ಲಿ ಮಾತ್ರ ಪ್ರಶ್ನಾರ್ಥಕದ ಗುರುತು ಕಡ್ಡಾಯ.

ಅಪಾಯದ ಸೂಚನೆಗಳು

ಎಲ್ಲ ಚೀಟಿಯಲ್ಲೂ ನಕ್ಷತ್ರವೇ ಇದ್ದರೆ ಮಕ್ಕಳು ಪ್ರಶ್ನಾರ್ಥಕಕ್ಕೆ ಹೆದರುತ್ತಿದ್ದಾರೆ ಎಂದರ್ಥ. ‘ಸಾರ್ ಕೇಳ್ತಿದ್ದಾರೆ ಅಂದ್ರೆ ಉಲ್ಟಾನೇ ಇರುತ್ತೆ’ ಎಂಬ ಮಾತು ಕಿವಿಗೆ ಬಿದ್ದರೆ ಗೆಸ್‌ಗೆ ಹೊಸ ದಾರಿ ಸಿಕ್ಕಿದೆ. ಮುಂದಿನ ಎರಡು ಪ್ರಶ್ನೆ ಸಹಜ ಅಂದಾಜೇ ಸರಿಯಾಗುವಂಥವು ಇರಲಿ, ಮತ್ತು ವಾರಕ್ಕೆ ಒಂದಕ್ಕಿಂತ ಹೆಚ್ಚು ಇಂಥ ಪೀರಿಯಡ್ ಬೇಡ. ಮೂರು ಪೀರಿಯಡ್‌ನಲ್ಲೂ ಅದೇ ಮಗುವಿನ ಚೀಟಿಯಲ್ಲಿ ಕಾರಣದ ಜಾಗ ಖಾಲಿ ಇದ್ದರೆ ಅದು ವಿಜ್ಞಾನದ ತೊಂದರೆ ಇರಲಾರದು. ಪಕ್ಕದಲ್ಲಿ ಕೂರಿಸಿಕೊಂಡು ಪ್ರಶ್ನೆಯನ್ನು ಬಾಯಿಮಾತಿನಲ್ಲಿ ಕೇಳಿ. ಓದಲು, ಬರೆಯಲು ಕಷ್ಟಪಡುವ ಮಗು ಬಾಯಲ್ಲಿ ಸರಿಯಾದ ಕಾರಣ ಹೇಳಿಬಿಡುತ್ತದೆ. ಅದನ್ನು ನೀವೇ ಅದರ ಚೀಟಿಯಲ್ಲಿ ಬರೆದುಕೊಡಿ.